ಚೆಲುವಾಜಿ ಕೇಳಿದ ಮೂರು ಮಾತು

ಬನ್ನಿ ಬನ್ನಿ, ಜಗಲಿ ಮೇಲೆ ಎಲ್ಲರಿಗೂ ಜಾಗ ಇದೆ. ಏಯ್, ಹುರಿಗಡಲೆ ಕಟಕಟ ಅನ್ನಿಸೋನೇ, ಮೊದಲು ಬಾಯಿ ಖಾಲಿ ಮಾಡ್ಕೋ. ಆಮೇಲೆ ಕಥೆ.

ಮೊನ್ನೆ ನಮ್ಮ ಮೊಮ್ಮಗಳು ನಳಿನಿ ಬಂದು, "ಅಜ್ಜೀ, ನಂಗೆ ಬಿಸಿನೆಸ್ ಅನಲಿಸ್ಟ್ ಕೆಲಸ ಸಿಕ್ತು" ಅಂದ್ಲು. ಅದ್ಯಾವುದೇ ತಾಯಿ, ನನ್ನ ನಾಲಿಗೇನೇ ತಿರುಗಲ್ಲ ಅಂದೆ. "ಮಾಡಿಕೊಡೋರು ಒಂದು ಕಡೆ, ಮಾಡಿಸ್ಕೊಳ್ಳೋರು ಒಂದು ಕಡೆ ಇರ್ತಾರಲ್ಲ ಅಜ್ಜಿ. ನಡುವೆ ನಿಂತು, ನಿಜವಾಗಿ ಬೇಕಾಗಿರೋದು ಏನು ಅಂತ ಕೇಳಿ ತಿಳಿಯೋದು" ಅಂದ್ಲು. ಅಯ್ಯೋ, ಇಷ್ಟೇನಾ! ಇದನ್ನ ಚೆಲುವಾಜಿ ಯಾವತ್ತೋ ಮಾಡಿದ್ದಳಲ್ಲೇ ಅಂದೆ. "ಯಾವ ಚೆಲುವಾಜಿ?" ಅಂದ್ಲು. ಅಷ್ಟು ಓದಿ ಚೆಲುವಾಜಿ ಗೊತ್ತಿಲ್ವಂತೆ! ಅದಕ್ಕೇ ಇವತ್ತು ಈ ಕಥೆ.

ಯಾವ ಕಾಲವೋ ಏನೋ, ಸುರಗೀಪುರ ಅಂತ ಒಂದು ರಾಜ್ಯ. ಅದಕ್ಕೆ ಗುಂಡರಸ ಅಂತ ಒಬ್ಬ ರಾಜ. ಮನಸ್ಸು ಬೆಣ್ಣೆ, ಆದರೆ ಅವಸರ ಜಾಸ್ತಿ. ಯಾರಾದರೂ ಬಂದು ಕಷ್ಟ ಅನ್ನಬೇಕು, ಪೂರ್ತಿ ಕೇಳೋಕೆ ಮುಂಚೆಯೇ "ಮಾಡಿಸಿಬಿಡಿ!" ಅಂತಿದ್ದ. ಮಾಡಿಸೋಕೆ ಒಬ್ಬ ಪಾರುಪತ್ತೇಗಾರ ಇದ್ದ. ಅರಮನೆಯ ಕಟ್ಟೋ ಕೆಲಸ, ಕೆಡವೋ ಕೆಲಸ ಎಲ್ಲ ಅವನದ್ದೇ. ಹೆಸರು ಬುಕ್ಕಪ್ಪ, ತಲೆಗೆ ಕೆಂಪು ರುಮಾಲು. ಅವನಿಗೊಂದು ಹುಚ್ಚು. ಏನು ಕಟ್ಟಿಸಿದರೂ ಮುಂದೆ ಒಂದು ಕಲ್ಲು ನೆಡಿಸಿ, ಅದರ ಮೇಲೆ "ಪಾರುಪತ್ತೇಗಾರ ಬುಕ್ಕಪ್ಪನ ಸೇವೆ" ಅಂತ ಕೆತ್ತಿಸೋದು.

ಅಗಸರು ಬಂದು, "ಬಟ್ಟೆ ಒಣಗ್ತಿಲ್ಲ ಸ್ವಾಮಿ" ಅಂದ್ರು. ಬುಕ್ಕಪ್ಪ ಹೊಳೆದಂಡೆಯಲ್ಲಿ ದೊಡ್ಡ ಚಾವಣಿ ಹಾಕಿಸಿದ. ಬಿಸಿಲೇ ಬೀಳದ ಮೇಲೆ ಬಟ್ಟೆ ಹೇಗೆ ಒಣಗಬೇಕು ಹೇಳಿ!

ಹೆಂಗಸರು ಬಂದು, "ಕೊಳದ ಮೆಟ್ಟಿಲು ಜಾರುತ್ತೆ ಸ್ವಾಮಿ" ಅಂದ್ರು. ಕೊಳದ ಪಕ್ಕ ಗಂಟೆ ತೂಗುಹಾಕಿಸಿದ. ಯಾರಾದರೂ ಬಿದ್ದರೆ ಬಾರಿಸಬಹುದಂತೆ.

ಕುರುಬರು ಬಂದು, "ಕುರಿಗೆ ನೆರಳಿಲ್ಲ ಸ್ವಾಮಿ" ಅಂದ್ರು. ಅರಮನೆಯಿಂದ ರೇಷ್ಮೆ ಕೊಡೆ ಬಂತು. ಒಂದೇ ಕೊಡೆ, ನೂರು ಕುರಿ. ಮಳೆ ಬಂದಾಗ ಕುರುಬನೇ ಹಿಡ್ಕೊಂಡ, ಪಾಪ. ಆದರೂ ಕೊಡೆಯ ಹಿಡಿ ಮೇಲೆ ಬುಕ್ಕಪ್ಪನ ಹೆಸರು ಇತ್ತು.

ಇನ್ನು ಚೆಲುವಾಜಿ ವಿಷಯಕ್ಕೆ ಬರ್ತೀನಿ. ಅವಳು ಮೇದರ ಬೀದಿಯವಳು, ಬಿದಿರು ಸೀಳಿ ಬುಟ್ಟಿ ಹೆಣೆಯೋ ಮನೆಯವಳು. ಸೋದರತ್ತೆ ಮಾದಕ್ಕನ ಹತ್ತಿರ ಕೆಲಸ ಕಲಿತಳು. ಮೊದಮೊದಲು ಅವಳಿಗೂ ಕೈ ಚುರುಕು, ಕಿವಿ ಮಂದ. ಒಂದು ಸಲ ಮೀನು ಮಾರೋ ದೊಡ್ಡತಾಯಿ ಬಂದು, "ಒಂದು ಒಳ್ಳೇ ಬುಟ್ಟಿ ಬೇಕು ಕಣೇ" ಅಂದ್ಲು. ಇವಳು ಒಂದು ಮಾತೂ ಕೇಳಲಿಲ್ಲ. ಎರಡು ದಿನ ಕೂತು, ಸೂಜಿ ತೂರದ ಹಾಗೆ ಒತ್ತಾಗಿ ಹೆಣೆದಳು. ಬೀದಿಗೆ ಬೀದಿಯೇ "ಆಹಾ!" ಅಂತು. ಮಾರನೇ ದಿನ ದೊಡ್ಡತಾಯಿ ಬಂದು ಬುಟ್ಟೀನ ಅವಳ ಮುಂದೆ ಎಸೆದಳು. "ನೀರು ಸೋರದ ಬುಟ್ಟೀಲಿ ಮೀನು ಇಟ್ರೆ ಕೊಳೆಯದೆ ಇನ್ನೇನಾಗುತ್ತೆ? ನನ್ನ ಒಂದು ದಿನದ ಮೀನೆಲ್ಲ ಹಾಳಾಯ್ತಲ್ಲೇ!"

ಚೆಲುವಾಜಿ ಅತ್ತಳು. ನಾಚಿಕೆಯಾಗಿ ಅತ್ತಳು. ಮಾದಕ್ಕ ಬೈಯಲಿಲ್ಲ. "ಸೀಳಿದ ಬಿದಿರು ಮತ್ತೆ ಕೂಡಲ್ಲ ಮಗಳೇ. ಮಚ್ಚು ಎತ್ತೋಕೆ ಮುಂಚೆ ಮೂರು ಮಾತು ಕೇಳು. ಇದರಲ್ಲಿ ಏನು ತುಂಬ್ತೀರಿ? ಯಾರು ಹೊರ್ತಾರೆ? ಎಲ್ಲಿ ಇಳಿಸ್ತಾರೆ? ಮೂರಕ್ಕೂ ಉತ್ತರ ಬರೋವರೆಗೂ ಬಿದಿರು ಮುಟ್ಟಬೇಡ" ಅಂದ್ಲು.

ಅವತ್ತಿನಿಂದ ಚೆಲುವಾಜಿ ಕೇಳೋಕೆ ಶುರು ಮಾಡಿದಳು. ಹೂವಿನವಳನ್ನ ಕೇಳಿದಳು, ಬೂದುಗುಂಬಳ ಮಾರೋನನ್ನ ಕೇಳಿದಳು, ಬಾಣಂತಿಯ ತೊಟ್ಟಿಲಿಗೆ ಬಂದ ಅಜ್ಜೀನ ಕೇಳಿದಳು. ಕೆಲವರು "ತಲೆ ತಿನ್ನಬೇಡ" ಅಂದ್ರು. ಕೇಳೋದರಲ್ಲೂ ಹದ ಇದೆ ಅಂತ ನಿಧಾನಕ್ಕೆ ತಿಳೀತು. ಹತ್ತು ವರ್ಷದಲ್ಲಿ ಅವಳ ಬುಟ್ಟಿ ಹಿಂದಕ್ಕೆ ಬಂದಿದ್ದು ಅಂತಲೇ ಇಲ್ಲ.

ಹೀಗಿರೋವಾಗ ಏನಾಯ್ತಪ್ಪ ಅಂದ್ರೆ, ಸುರಗೀಪುರದ ಹೊಳೆ ಪಕ್ಕ ರಾಜನ ಅನ್ನಛತ್ರ ಇತ್ತು. ದಾರಿಹೋಕರಿಗೆ ದಿನಾ ಮಧ್ಯಾಹ್ನ ಊಟ. ಒಂದು ದಿನ ಒಬ್ಬ ಮುದುಕ ಆಸ್ಥಾನಕ್ಕೇ ಬಂದು, "ಮಹಾಸ್ವಾಮಿ, ನಿಮ್ಮ ಛತ್ರದಲ್ಲಿ ಎಲೆಗೆ ಅನ್ನ ಬೀಳೋ ಹೊತ್ತಿಗೆ ಹಸಿವೇ ಸತ್ತುಹೋಗಿರುತ್ತೆ. ಬಿಸಿಲಲ್ಲಿ ನಿಂತು ನಿಂತು ಜನ ತಲೆ ತಿರುಗಿ ಬೀಳ್ತಿದ್ದಾರೆ" ಅಂದ.

ರಾಜನ ಕಣ್ಣಲ್ಲಿ ನೀರು ಬಂತು. ಬುಕ್ಕಪ್ಪ ಆಗಲೇ ಎದ್ದು ನಿಂತಿದ್ದ. "ಅಡುಗೆಮನೆ ಸಣ್ಣದಾಯ್ತು ಮಹಾಸ್ವಾಮಿ. ಇಪ್ಪತ್ತು ಒಲೆಯ ಹೊಸದೊಂದು ಕಟ್ಟಿಸೋಣ. ಛತ್ರದ ಹಿಂದಿರೋ ಬಿದಿರ ಮೆಳೆ ಕಡಿದರೆ ಬೇಕಾದಷ್ಟು ಜಾಗ."

"ಮಾಡಿಸಿಬಿಡಿ!" ಅಂದ ರಾಜ.

ಸುದ್ದಿ ಮೇದರ ಬೀದಿಗೆ ಬಂತು ನೋಡಿ, ಮೂವತ್ತು ಮನೇಲೂ ಮಚ್ಚು ನೆಲಕ್ಕೆ ಬಿತ್ತು. ಆ ಮೆಳೆ ಹೋದರೆ ಬಿದಿರಿಲ್ಲ. ಬಿದಿರಿಲ್ಲದೆ ಬುಟ್ಟಿಯಿಲ್ಲ, ಬುಟ್ಟಿಯಿಲ್ಲದೆ ಮೇದರ ಬೀದಿಯಿಲ್ಲ. ಮಾದಕ್ಕ ಒಲೆ ಹಚ್ಚಲೇ ಇಲ್ಲ. ಚೆಲುವಾಜಿ ಸೆರಗು ಸಿಕ್ಕಿಸಿಕೊಂಡು ನೇರ ಆಸ್ಥಾನಕ್ಕೆ ಹೋದಳು.

"ಮಹಾಸ್ವಾಮಿ, ಮೂರು ಮಾತು ಕೇಳ್ಲಾ? ಊಟ ತಡ ಆಗೋದು ಬೇಯಿಸೋರ ಕಡೆಯಿಂದಲಾ? ಬಡಿಸೋರ ಕಡೆಯಿಂದಲಾ? ಉಣ್ಣೋರ ಕಡೆಯಿಂದಲಾ?"

ರಾಜ ಬುಕ್ಕಪ್ಪನ ಮುಖ ನೋಡಿದ. ಬುಕ್ಕಪ್ಪ ಸೂರು ನೋಡಿದ. "ಬುಟ್ಟಿ ಹೆಣೆಯೋಳಿಗೆ ಇದೆಲ್ಲ ಯಾಕಮ್ಮ?" ಅಂದ.

"ಮೂರು ದಿನ ಕೊಡಿ ಸ್ವಾಮಿ, ತಿಳ್ಕೊಂಡು ಬರ್ತೀನಿ. ತಿಳೀಲಿಲ್ಲ ಅಂದ್ರೆ ಮೆಳೆಗೆ ಮೊದಲನೇ ಏಟು ನಾನೇ ಹಾಕ್ತೀನಿ." ರಾಜ ಒಪ್ಪಿದ.

ಬುಕ್ಕಪ್ಪ ಸುಮ್ಮನಿರ್ತಾನಾ? ಅವಳಿಗಿಂತ ಮುಂಚೆಯೇ ಛತ್ರಕ್ಕೆ ಓಡಿ, "ಆ ಮೇದರವಳ ಹತ್ತಿರ ಬಾಯಿಬಿಟ್ಟೋರು ನಾಳೆಯಿಂದ ಕೆಲಸಕ್ಕೆ ಬರೋದು ಬೇಡ" ಅಂತ ಹೆದರಿಸಿದ. ಯಾಕೆ ಅಂತೀರಾ? ತಾಳಿ, ಬರ್ತದೆ.

ಮೊದಲನೇ ದಿನ ಚೆಲುವಾಜಿ ಅಡುಗೆಯವರ ಹತ್ತಿರ ಹೋದಳು. "ಊಟ ಯಾಕೆ ತಡ ಆಗುತ್ತೆ ಅಣ್ಣಾ?" ಅಂದ್ಲು. ಅಡುಗೆ ಶೇಷಣ್ಣ, "ಒಲೆ ಸಣ್ಣದು" ಅಂತ ಬಾಗಿಲ ಕಡೆ ನೋಡಿದ. ಅವನಿಗೆ ಭಯ ಅಂತ ಅವಳಿಗೆ ಗೊತ್ತಾಯ್ತು. ಮತ್ತೆ ಯಾಕೆ ಅನ್ನೋದನ್ನ ಬಿಟ್ಟಳು. ಈಳಿಗೆಮಣೆ ಎಳೆದು ಕೂತು ಕುಂಬಳಕಾಯಿ ಹೆಚ್ಚೋಕೆ ಶುರು ಮಾಡಿದಳು. "ಎದ್ದ ಕೂಡಲೇ ಏನು ಮಾಡ್ತೀರಿ ಅಣ್ಣಾ? ಆಮೇಲೆ? ಆಮೇಲೆ?" ತನ್ನ ಕೆಲಸದ ಮಾತು ಅಂದ್ರೆ ಯಾರಿಗೆ ಬೇಡ! ಶೇಷಣ್ಣ ಬೇಳೆ ಬೇಯಿಸೋದರಿಂದ ಹಿಡಿದು ಒಗ್ಗರಣೆವರೆಗೂ ಹೇಳಿದ. ಅನ್ನ ಬಸಿದು ಮುಚ್ಚಿಟ್ಟಾಗ ಬಿಸಿಲು ಇನ್ನೂ ಛತ್ರದ ಅಂಗಳದ ಸಂಪಿಗೆ ಮರದ ಬುಡದಲ್ಲಿತ್ತು. ಚೆಲುವಾಜಿ ಸೊಂಟದಿಂದ ಒಂದು ಬಿದಿರ ಸೀಳು ತೆಗೆದು, ಹೊತ್ತಿನ ಲೆಕ್ಕಕ್ಕೆ ಅದರ ಮೇಲೆ ಒಂದು ಗೀರು ಹಾಕಿದಳು.

ಎರಡನೇ ದಿನ ಬಡಿಸೋರ ಜೊತೆ ಎಲೆ ತೊಳೆದಳು. "ಆಮೇಲೆ? ಆಮೇಲೆ?" ಎಲೆ ಹಾಕಿದ್ದಾಯ್ತು, ನೀರು ಇಟ್ಟಿದ್ದಾಯ್ತು, ಸೌಟು ಕೈಗೆ ಬಂದಿದ್ದಾಯ್ತು. ಬಿಸಿಲು ಸಂಪಿಗೆ ಮರದ ಬುಡ ಬಿಟ್ಟು ಎರಡು ಮಾರು ಹೋಗಿತ್ತು, ಅಷ್ಟೇ. ಎರಡನೇ ಗೀರು. ಆಮೇಲೆ ಬಡಿಸೋರು ಸೌಟು ಹಿಡ್ಕೊಂಡು ಸುಮ್ಮನೆ ನಿಂತರು. ನಿಂತೇ ಇದ್ದರು. ಒಬ್ಬ ನಿಂತಲ್ಲೇ ತೂಕಡಿಸಿದ. ಏನಕ್ಕೆ ಕಾಯ್ತೀರಿ ಅಂತ ಕೇಳಿದ್ದೇ ತಡ, ಹೆದರಿ ಅವಳನ್ನ ಹೊರಗೆ ಕಳಿಸಿಬಿಟ್ಟರು.

ಮೂರನೇ ದಿನ ಹೊರಗೆ ಸಾಲಲ್ಲಿ ನಿಂತಳು. ನೆತ್ತಿ ಕಾದು ಕೆಂಡ ಆಯ್ತು. ಬಿಸಿಲು ಅಂಗಳದ ಆಚೆ ಗೋಡೆ ಮುಟ್ಟಿದ ಮೇಲೆ ಬಾಗಿಲು ತೆಗೀತು. ಮೂರನೇ ಗೀರು. ಸೀಳನ್ನ ಎತ್ತಿ ನೋಡಿದಳು. ಮೊದಲ ಎರಡು ಗೀರು ಅಕ್ಕಪಕ್ಕ. ಮೂರನೇದು ಎಲ್ಲೋ ತುದೀಲಿ. ನಡುವೆ ಗೇಣುದ್ದ ಖಾಲಿ.

"ಈ ಖಾಲಿ ಹೊತ್ತಲ್ಲಿ ಏನಜ್ಜೀ ಆಗೋದು?" ಅಂತ ಪಕ್ಕದ ಮುದುಕೀನ ಕೇಳಿದಳು. ಆ ಮುದುಕಿಗೆ ಯಾರ ಭಯ? ವರ್ಷವರ್ಷ ಈ ದಾರೀಲಿ ಬಂದು ಹೋಗೋಳು, ಅರಮನೆ ಕೆಲಸದವಳಲ್ಲ. "ಕೆಂಪು ರುಮಾಲಿನವನು ಎಣ್ಣೆ ಸ್ನಾನ ಮುಗಿಸಿ, ಒಂದು ನಿದ್ದೆ ತೆಗೆದು ಬರ್ತಾನಮ್ಮ. ಅವನು ಮೊದಲ ತುತ್ತು ಉಂಡು ರುಚಿ ನೋಡಿ ತಲೆ ಆಡಿಸಬೇಕು. ಆಮೇಲೇ ಬಾಗಿಲು" ಅಂದ್ಲು.

ಗೊತ್ತಾಯ್ತಲ್ಲ? ದೊಡ್ಡರಸರ ಕಾಲದಲ್ಲಿ ಯಾವತ್ತೋ ಹುಳಿಗೆ ಉಪ್ಪು ಜಾಸ್ತಿಯಾಗಿತ್ತಂತೆ. ಅವತ್ತು ಮಾಡಿದ ಕಟ್ಟಳೆ, ಪಾರುಪತ್ತೇಗಾರ ರುಚಿ ನೋಡದೆ ಬಡಿಸಕೂಡದು ಅಂತ. ತಡ ತನ್ನಿಂದಲೇ ಅಂತ ಬುಕ್ಕಪ್ಪನಿಗೆ ಚೆನ್ನಾಗೇ ಗೊತ್ತಿತ್ತು ಕಣ್ರೋ! ಗೊತ್ತಿದ್ದೂ ಮೆಳೆ ಕಡಿಸೋಕೆ ಹೊರಟಿದ್ದ. ಹೊಸ ಅಡುಗೆಮನೆ ಅಂದ್ರೆ ಹೊಸ ಕಲ್ಲು, ಕಲ್ಲಿನ ಮೇಲೆ ಹೆಸರು. ಕಲ್ಲು ಆಗಲೇ ಕೆತ್ತಿಸಿಟ್ಟಿದ್ದ, ಮಂಚದಷ್ಟು ದೊಡ್ಡದು.

ಆದರೆ ಮೇದರವಳ ಮಾತು ನಂಬ್ತಾರಾ, ಪಾರುಪತ್ತೇಗಾರನ ಮಾತು ನಂಬ್ತಾರಾ? ಚೆಲುವಾಜಿ ದಾರಿಯುದ್ದಕ್ಕೂ ಯೋಚನೆ ಮಾಡಿದಳು. ಸಂಜೆ ರಾಜನ ಮುಂದೆ ನಿಂತು ಕೈಮುಗಿದಳು.

"ಉತ್ತರ ಸಿಕ್ಕಿದೆ ಮಹಾಸ್ವಾಮಿ. ಆದರೆ ಬುಟ್ಟಿ ಹೇಗಿದೆ ಅಂತ ಹೆಣೆದವಳು ಹೇಳಿದರೆ ಆಗಲ್ಲ, ಹೊತ್ತು ನೋಡಬೇಕು. ನಾಳೆ ತಾವು ಕಂಬಳಿ ಹೊದ್ದು ಸಾಲಲ್ಲಿ ನಿಲ್ಲಬೇಕು. ಪಾರುಪತ್ತೇಗಾರರೂ ಕಂಬಳಿ ಹೊದ್ದು ಪಕ್ಕದಲ್ಲೇ ಇರಲಿ. ಎಷ್ಟು ಒಲೆ ಬೇಕು ಅಂತ ಅವರೇ ಕಣ್ಣಾರೆ ನೋಡಿ ಹೇಳಲಿ. ಊಟ ಆಗೋವರೆಗೂ ಇಬ್ಬರೂ ಸಾಲು ಬಿಡಬಾರದು."

ರಾಜನ ಜೊತೆ ಭುಜಕ್ಕೆ ಭುಜ ತಾಗಿಸಿ ನಿಲ್ಲೋದು ಅಂದ ತಕ್ಷಣ ಬುಕ್ಕಪ್ಪ ಉಬ್ಬಿಹೋದ. ಹಿಂದೆಮುಂದೆ ನೋಡದೆ "ಅಪ್ಪಣೆ!" ಅಂದ.

ನಾಲ್ಕನೇ ದಿನ ಮೆಳೆಯ ಹತ್ತಿರ ಕೊಡಲಿಯವರು ಕಾಯ್ತಾ ಕೂತಿದ್ದರು. ಮೇದರ ಬೀದಿಯವರೆಲ್ಲ ಛತ್ರದ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ರಾಜ ಕಂಬಳಿ ಹೊದ್ದು ಬಂದ, ಬುಕ್ಕಪ್ಪ ರುಮಾಲು ತೆಗೆದು ಕಂಬಳಿ ಹೊದ್ದು ಬಂದ. ಸಾಲಲ್ಲಿ ನಿಂತರು. ಒಳಗಿಂದ ಹುಳಿಯ ಘಮ ಬಂತು. ರಾಜನ ಹೊಟ್ಟೆ ಗುರ್ ಅಂತು. ಬಾಗಿಲು ಮಾತ್ರ ತೆಗೀಲಿಲ್ಲ.

ಆಗ ಬುಕ್ಕಪ್ಪನಿಗೆ ಹೊಳೀತು. ಅಯ್ಯಯ್ಯೋ! ನಾನು ಒಳಗೆ ಹೋಗದೆ ಬಾಗಿಲು ತೆಗೆಯಲ್ಲ. ಎದುರಿಗೇ ಒಳಗೆ ಹೋದರೆ ತಡ ಯಾರಿಂದ ಅಂತ ರಾಜನಿಗೆ ಗೊತ್ತಾಗುತ್ತೆ! ಏನಾದರೂ ನೆಪ ಹೇಳಿ ಹಿತ್ತಿಲ ಕಡೆಯಿಂದ ನುಸುಳಬೇಕು!

"ಮಹಾಸ್ವಾಮಿ, ಹೊಟ್ಟೆ ನುಲೀತಿದೆ, ಹೀಗೆ ಹೋಗಿ ಹಾಗೆ ಬಂದೆ" ಅಂದ. "ನಿಲ್ಲಯ್ಯ, ನನಗೂ ಹಸಿವಾಗಿದೆ" ಅಂದ ರಾಜ.

ಸ್ವಲ್ಪ ಹೊತ್ತಾಯ್ತು. "ಮಹಾಸ್ವಾಮಿ, ಮನೇಲಿ ಹಸು ಕರು ಹಾಕೋ ದಿನ" ಅಂದ. "ನಿಲ್ಲಯ್ಯ, ಹಾಕೋದು ಹಸು, ನೀನಲ್ಲ" ಅಂದ ರಾಜ.

ಇನ್ನೂ ಸ್ವಲ್ಪ ಹೊತ್ತಾಯ್ತು. "ಮಹಾಸ್ವಾಮಿ, ಅಡುಗೆಯವರನ್ನ ಗದರಿಸಿ ಬಂದೆ" ಅಂದ. "ನಿಲ್ಲಯ್ಯ. ಗದರಿಸೋ ಕೆಲಸ ನಾನೇ ಮಾಡ್ತೀನಿ" ಅಂದ ರಾಜ. ಅಷ್ಟು ಹೊತ್ತಿಗೆ ರಾಜನ ಮುಖ ಬಿಸಿಲಿಗೆ ಬೀಟ್ರೂಟಿನ ಹಾಗಾಗಿತ್ತು.

ರಾಜ ಸಾಲಲ್ಲೇ ನಿಂತು ಅಡುಗೆಮನೆ ಕಿಟಕಿ ಕಡೆಗೆ ಕೂಗಿದ. "ಏನಪ್ಪಾ ಅಡುಗೆಯವನೇ! ಘಮ ಬಂದು ಎಷ್ಟು ಹೊತ್ತಾಯ್ತು, ಅನ್ನ ಎಲ್ಲಿ? ಒಲೆ ಸಣ್ಣದಾ?"

ಶೇಷಣ್ಣ ಇಣುಕಿ ನೋಡಿದ. ಯಾರೋ ಕಂಬಳಿಯವರು. ದಿನಾ ನುಂಗಿಕೊಂಡಿದ್ದೆಲ್ಲ ಒಂದೇ ಸಲ ಹೊರಗೆ ಬಂತು. "ಒಲೆ ಚೆನ್ನಾಗೇ ಇದೆ ಕಣಯ್ಯ! ಅನ್ನ ಆಗಿ ತಣ್ಣಗಾಗ್ತಿದೆ. ಆ ಮಹಾರಾಯ ಬುಕ್ಕಪ್ಪ ಬಂದು ಒಂದು ತುತ್ತು ಬಾಯಿಗೆ ಹಾಕ್ಕೊಳ್ಳದೆ ನಿನಗೆ ಒಂದಗುಳೂ ಇಲ್ಲ. ಇವತ್ತು ಎಲ್ಲಿ ಸತ್ತನೋ ಏನೋ, ಇನ್ನೂ ಬಂದಿಲ್ಲ!"

ರಾಜ ನಿಧಾನಕ್ಕೆ ತಿರುಗಿದ. ಪಕ್ಕದ ಕಂಬಳಿ ಮೆಲ್ಲಗೆ ಹಿಂದಕ್ಕೆ ಸರೀತಿತ್ತು.

"ಎಲ್ಲೂ ಹೋಗಿಲ್ಲ ಕಣಪ್ಪ, ಇಲ್ಲೇ ಸಾಲಲ್ಲಿ ನಿಂತಿದ್ದಾನೆ" ಅಂದ ರಾಜ, ಕಂಬಳಿ ಎಳೆದುಬಿಟ್ಟ.

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಶೇಷಣ್ಣ ಸೌಟು ಕೈಬಿಟ್ಟು ಅಡ್ಡಬಿದ್ದ. ರಾಜ ನಗಲಿಲ್ಲ. ಸಾಲಲ್ಲಿದ್ದ ಮುದುಕಿಯ ಒಣಗಿದ ತುಟಿ ನೋಡಿದ. "ಎಷ್ಟು ವರ್ಷದಿಂದ ಹೀಗೆ? ನಾನೂ ಒಂದು ದಿನ ಕೇಳಲಿಲ್ಲವಲ್ಲ" ಅಂತ ತಲೆ ತಗ್ಗಿಸಿದ. ಆಮೇಲೆ ಚೆಲುವಾಜೀನ ಕರೆದು, "ಈಗ ಏನು ಮಾಡೋಣ ತಾಯಿ? ನೀನೇ ಹೇಳು" ಅಂದ.

ಅವಳು ಬಿದಿರ ಸೀಳು ತೋರಿಸಿದಳು. "ಈ ಖಾಲಿ ಜಾಗ ತೆಗೆದರೆ ಸಾಕು. ಸಾಲಲ್ಲಿ ಎಲ್ಲರಿಗಿಂತ ದೊಡ್ಡವರು ಯಾರೋ ಅವರು ರುಚಿ ನೋಡಲಿ. ಉಪ್ಪು ಹೆಚ್ಚಾದರೆ ಅವರೇ ಹೇಳ್ತಾರೆ. ಒಲೆ ಸಾಕು, ಅಡುಗೆಮನೆ ಸಾಕು. ಮೆಳೆ ಮೆಳೆಯಾಗೇ ಇರಲಿ."

ಆ ಮುದುಕಿ ಅವತ್ತಿನ ಮೊದಲ ತುತ್ತು ಉಂಡಳು. "ಉಪ್ಪು ಸರಿಯಾಗಿದೆ, ಬಡಿಸ್ರಪ್ಪ!" ಅಂದ್ಲು. ಕೊಡಲಿಯವರೂ ಬಂದು ಪಂಕ್ತೀಲಿ ಕೂತರು.

ರಾಜ ಚೆಲುವಾಜಿಗೆ ಅರಮನೇಲಿ ಕೆಲಸ ಕೊಟ್ಟ. ಏನೇ ಕಟ್ಟೋಕೆ ಮುಂಚೆ ಅವಳು ಹೋಗಿ ಕೇಳಿ ಬರಬೇಕು, ಆಮೇಲೇ ಅಪ್ಪಣೆ. ಅವಳೇನು ತಕ್ಷಣ ಹ್ಞೂಂ ಅಂದಳಾ? ಇಲ್ಲಪ್ಪ! "ಈ ಕೆಲಸದಲ್ಲಿ ಏನೇನು ತುಂಬ್ತೀರಿ? ನನ್ನ ಜೊತೆ ಯಾರು ಹೊರ್ತಾರೆ? ತಿಳಿದಿದ್ದನ್ನ ಯಾರ ಮುಂದೆ ಇಳಿಸಬೇಕು?" ಅಂತ ರಾಜನನ್ನೇ ಕೇಳಿದಳು. ಸರಿಯಾದ ಉತ್ತರ ಬಂದ ಮೇಲೇ ಒಪ್ಪಿದಳು.

ಬುಕ್ಕಪ್ಪನಿಗೆ ಏನಾಯ್ತು? ಒಂದು ವರ್ಷ ದಿನಾ ಸಾಲಿನ ಕೊನೇಲಿ ನಿಂತು, ಎಲ್ಲರದ್ದೂ ಆದ ಮೇಲೆ ಉಣ್ಣಬೇಕು, ಹೋಗೋರನ್ನೆಲ್ಲ "ಹೊಟ್ಟೆ ತುಂಬಿತಾ?" ಅಂತ ಕೇಳಬೇಕು ಅಂತ ರಾಜ ಹೇಳಿದ. ಮೊದಲು ಮುಖ ಗಂಟು ಹಾಕ್ಕೊಂಡು ಕೇಳ್ತಿದ್ದ. ಆಮೇಲೆ ಆಮೇಲೆ ಉತ್ತರ ಕೇಳೋಕೂ ನಿಲ್ತಿದ್ದನಂತೆ.

ಮತ್ತೆ ಆ ಮಂಚದಷ್ಟು ದೊಡ್ಡ ಕಲ್ಲು? ಚೆಲುವಾಜಿ ಅಗಸರ ಹತ್ತಿರ ಹೋಗಿ, "ನಿಮಗೆ ಏನು ಬೇಕಿತ್ತು?" ಅಂತ ಕೇಳಿದಳು. "ಆ ಚಾವಣಿ ತೆಗೆಸಿ ತಾಯಿ, ಬಿಸಿಲು ಬರಲಿ. ಮತ್ತೆ ಬಟ್ಟೆ ಒಗೆಯೋಕೆ ಒಂದು ಅಗಲವಾದ ಕಲ್ಲು" ಅಂದ್ರು. ಕಲ್ಲು ಹೊಳೆಗೆ ಹೋಯ್ತು, ಅಕ್ಷರ ಇರೋ ಕಡೆ ಮೇಲೆ. ಬಟ್ಟೆ ಬಡಿದು ಬಡಿದು ಮೂರು ವರ್ಷದಲ್ಲಿ "ಪಾರುಪತ್ತೇಗಾರ ಬುಕ್ಕಪ್ಪನ" ಅನ್ನೋದು ಸವೆದುಹೋಯ್ತು. "ಸೇವೆ" ಅನ್ನೋದು ಮಾತ್ರ ಉಳೀತು.

ಇಷ್ಟೇ ಮಕ್ಕಳಾ. ಯಾರಿಗೋಸ್ಕರ ಮಾಡ್ತೀವೋ ಅವರನ್ನ ಕೇಳದೆ ಮಾಡಿದ ಕೆಲಸ ಎಷ್ಟು ದೊಡ್ಡದಾದರೂ ಯಾರಿಗೂ ಉಪಯೋಗಕ್ಕೆ ಬರಲ್ಲ. ಕೇಳೋದೂ ಒಂದು ವಿದ್ಯೆ, ಅದನ್ನೂ ಕೂತು ಕಲೀಬೇಕು. ನಳಿನಿಗೂ ಇದನ್ನೇ ಹೇಳಿ ಕಳಿಸಿದೆ, ಜೊತೆಗೆ ಒಂದು ಬಿದಿರ ಸೀಳು ಕೊಟ್ಟು. ಅದನ್ನ ಆಫೀಸಿನ ಮೇಜಿನ ಮೇಲೆ ಇಟ್ಕೊಂಡಿದ್ದಾಳಂತೆ.

ಈಗ ಹೇಳಿ, ಯಾರಿಗೆ ಚಕ್ಕುಲಿ ಬೇಕು, ಯಾರಿಗೆ ಉಂಡೆ ಬೇಕು? ನಾನಂತೂ ಕೇಳದೆ ಡಬ್ಬ ತೆಗೆಯಲ್ಲ.