ಕೈಗೇರಿದ ಜೇಡ್ ಬಳೆ

ಬಟ್ಟೆ ಹೊಲಿದು ಬದುಕುವ ಚೌಡಮ್ಮ ಹೊಸದಾಗಿ ಮದುವೆಯಾದ ಮಗಳಿಗೆ ಜೇಡ್ ಎಂಬ ಹಸಿರು ಕಲ್ಲಿನ ಬಳೆ ಕೊಡಿಸಲು ಅವಳನ್ನು ಕರೆದುಕೊಂಡು ಪೇಟೆಯ ದೊಡ್ಡ ಅಂಗಡಿಗೆ ಹೋದಳು. ಬೆಲೆ ಕೇಳುವ ಮೊದಲೇ ಅಂಗಡಿಯ ಸಾಹುಕಾರ ಒಂದು ಹಸಿರು ಬಳೆಯನ್ನು ಮಗಳ ಕೈಗೆ ತೊಡಿಸಿಬಿಟ್ಟ.

ಚೌಡಮ್ಮ ಮುಟ್ಟಿ ನೋಡಿದಳು. ಕಲ್ಲಿನ ತಂಪಿಲ್ಲ, ಕಲ್ಲಿನ ಭಾರವೂ ಇಲ್ಲ. "ಇದು ಬೇಡ, ತೆಗೀರಿ," ಎಂದಳು.

ಸಾಹುಕಾರ ಗದರಿದ. "ಏನಮ್ಮಾ, ಮುತ್ತೈದೆ ಕೈಗೇರಿದ ಬಳೆ ತೆಗೆಸ್ತಾರಾ? ಅಪಶಕುನ! ಅಪ್ಪಟ ಜೇಡ್ ಇದು. ಉಕ್ಕಿನಲ್ಲಿ ಕೆರೆದರೂ ಗೀರು ಬೀಳಲ್ಲ. ಸುಮ್ಮನೆ ದುಡ್ಡು ಕೊಟ್ಟು ಹೋಗಿ."

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮಗಳ ಮುಖ ಬಾಡಿತು. ಚೌಡಮ್ಮ ಜಗ್ಗಲಿಲ್ಲ.

"ಸರಿ, ತೆಗೆಯೋದು ಬೇಡ," ಎನ್ನುತ್ತ ಸೆರಗಿಗೆ ಚುಚ್ಚಿದ್ದ ದಪ್ಪ ಸೂಜಿ ಕಿತ್ತಳು. "ಗೀರು ಬೀಳಲ್ಲ ಅಂದ್ರಲ್ಲ, ಇವರೆಲ್ಲರ ಮುಂದೆ ಒಂದ್ಸಲ ಕೆರೆದು ನೋಡಿಬಿಡ್ತೀನಿ. ಬೀಳದಿದ್ರೆ ಕೇಳಿದಷ್ಟು ಕೊಡ್ತೀನಿ."

ಸೂಜಿ ತಾಗುವ ಮೊದಲೇ ಸಾಹುಕಾರ ಗಾಬರಿಯಾಗಿ ಬಳೆಯನ್ನು ಮಗಳ ಕೈಯಿಂದ ಸರಕ್ಕನೆ ಎಳೆದುಕೊಂಡ.

"ಅಯ್ಯೋ, ಮುತ್ತೈದೆ ಕೈಬಳೆ ನೀವೇ ತೆಗೆದ್ರಲ್ಲ ಸ್ವಾಮಿ!" ಎಂದ ಚೌಡಮ್ಮ, ಸೂಜಿಯನ್ನು ಮತ್ತೆ ಸೆರಗಿಗೆ ಸಿಕ್ಕಿಸಿ ಮಗಳ ಕೈ ಹಿಡಿದು ಎದ್ದಳು.

"ನಡಿ ಮಗಳೇ. ಅದು ಜೇಡ್ ಬಳೆ ಅಲ್ಲ, ಜೇಡನ ಬಲೆ."