ಗ್ರಹಣದ ದಿನ ಖಾಲಿ ಒಲೆ

ಬಾಗಿಲಿಲ್ಲದ ಮನೆಯಲ್ಲಿ ಒಬ್ಬ ಕೂತಿದ್ದಾನೆ. ಕಿಟಕಿ ಮುಚ್ಚಿದಷ್ಟೂ ಅವನಿಗೆ ಹೊಗೆ ಜಾಸ್ತಿ. ಯಾರವನು? ತಲೆ ಕೆರೆದುಕೊಳ್ಳಿ. ನಮ್ಮ ಮೇಷ್ಟ್ರೂ ಕೆರೆದುಕೊಂಡರು, ಆಮೇಲೆ ನನ್ನನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸಿದರು.

ಹೊಳೆದಂಡೆಯ ಮೀನುಗಾರ ದುರುಗಪ್ಪ ಹಳೇ ಬ್ಯಾಟರಿಯ ಸೀಸ ಕರಗಿಸಿ ಬಲೆಗೆ ಕಟ್ಟುವ ಗುಂಡು ಮಾಡುತ್ತಿದ್ದ. ಎಲ್ಲಿ? ಅಡುಗೆ ಒಲೆಯ ಮೇಲೆ! ಅವನ ಹೆಂಡತಿ ಪಾರವ್ವ ಬಸುರಿ. ಮೊದಲ ಮಗ ಮೂರು ತುಂಬಿದರೂ ಮಾತಾಡುತ್ತಿರಲಿಲ್ಲ. "ಗ್ರಹಣದಾಗ ಸೌತಿಕಾಯಿ ಹೆಚ್ಚಿದ್ಳು, ಅದಕ್ಕ ಹಿಂಗಾತು" ಎಂದು ಓಣಿಯವರು ಅವಳನ್ನೇ ಆಡಿಕೊಳ್ಳುತ್ತಿದ್ದರು. ಪಾಪ, ಅವಳೂ ಅದನ್ನೇ ನಂಬಿ ಒಬ್ಬಳೇ ಅಳುತ್ತಿದ್ದಳು.

"ಸೀಸದ ಹೊಗಿ ಬಸುರಿಗೆ ಆಗೂದಿಲ್ಲ, ಕೂಸಿಗೆ ಮುಟ್ತೈತಿ" ಎಂದು ಆಶಾ ಕಾರ್ಯಕರ್ತೆ ಹೇಳಿದಾಗ ದುರುಗಪ್ಪ ನಕ್ಕಿದ್ದ. "ಹೊಗಿ ಮೂಗಿಗೆ ಹೋಗ್ತೈತಿ, ಹೊಟ್ಟಿಗೆ ಹೆಂಗ ಹೋಗ್ತೈತಿ ಅಕ್ಕಾ?"

ಮತ್ತೆ ಸೂರ್ಯಗ್ರಹಣ ಬಂತು. ಅತ್ತೆ ಹುಲಿಗೆವ್ವ ಸೊಸೆಯನ್ನು ಅಡುಗೆಮನೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ತುರುಕಿದಳು. ಗ್ರಹಣದಲ್ಲಿ ಯಾರೂ ಅಡುಗೆ ಮಾಡಲ್ಲ, ಹೊಳೆಗೂ ಇಳಿಯಲ್ಲ. ಒಲೆ ಖಾಲಿ, ದುರುಗಪ್ಪನೂ ಖಾಲಿ. ಸೀಸದ ಬಾಣಲೆ ಏರಿಸಿಯೇಬಿಟ್ಟ.

ಈಗ ಹೊಳೆಯಿತಾ ಒಗಟು? ಹೊಟ್ಟೆಯೊಳಗಿನ ಕೂಸು.

ಪಾರವ್ವ ಕೆಮ್ಮಿದಳು. "ಅತ್ತಿ, ಉಸಿರು ಕಟ್ಟಾಕತ್ತೈತ್ರಿ. ಬಾಗಲಾ ತೆಗೀರಿ."

"ಹೊರಗ ಗ್ರಹಣ ಐತವ್ವ!"

"ಒಳಗ ಹೊಗಿ ಐತಲ್ರಿ, ಅತ್ತಿ."

ಹುಲಿಗೆವ್ವ ಬಾಗಿಲನ್ನೊಮ್ಮೆ, ಬಾಣಲೆಯನ್ನೊಮ್ಮೆ ನೋಡಿದಳು. ಕೊನೆಗೆ ಚಿಲಕ ತೆಗೆದಳು. ಸೊಸೆಯನ್ನು ಹಿತ್ತಲಿಗೆ ಕರೆತಂದು, ಹೊಟ್ಟೆಗೆ ತನ್ನ ಸೆರಗು ಹೊದಿಸಿ, ಸೂರ್ಯನಿಗೆ ಬೆನ್ನು ಮಾಡಿ ಅಡ್ಡ ನಿಂತಳು. "ಗ್ರಹಣದ ನೆಳ್ಳು ಬಿದ್ರ ನನ್ನ ಮ್ಯಾಲ ಬೀಳಲಿ."

ಆಮೇಲೆ ಮಗನಿಗೆ ಗದರಿದಳು. "ಲೇ, ಆ ಸೀಸ ಊರ ಹೊರಗ ಒಯ್ಯಿ. ಇನ್ನ ನನ್ನ ಹೊಸ್ತಿಲಾ ದಾಟಿ ಬರಬಾರ್ದು!"

"ಗ್ರಹಣದಾಗ ಹೊರಗ ಹೆಂಗ ಹೋಗ್ಲಿ ಅವ್ವಾ?"

"ಯಾಕ, ನೀ ಬಸುರಿಯೇನಲೇ?"

ದಿನ ತುಂಬಿ ಹೆಣ್ಣುಕೂಸು ಹುಟ್ಟಿತು. ಅದರ ಅಳುವಿಗೆ ಆಚೆ ದಡದ ನಾಯಿಗಳೆಲ್ಲ ಬೊಗಳಿದವು. ತೊಟ್ಟಿಲಿಗೆ ಇಣುಕಿದ ಅಣ್ಣ ಮೊದಲ ಸಲ ಬಾಯಿಬಿಟ್ಟ: "ಪಾಪು!"

ನೀತಿ: ಬಸುರಿಯನ್ನು ಆಕಾಶದಿಂದ ಕಾಯುವ ಮೊದಲು ಒಲೆಯ ಹೊಗೆಯಿಂದ ಕಾಯಿರಿ. ತಪ್ಪು ಹುಡುಕಲೇಬೇಕಿದ್ದರೆ ಗಾಳಿಯಲ್ಲಿ, ನೀರಿನಲ್ಲಿ ಹುಡುಕಿ. ತಾಯಿಯ ಮೇಲೆ ಹೊರಿಸಬೇಡಿ.

ಹಾಂ, ಒಂದು ಮಾತು. ಕೂಸು ಅತ್ತಿದ್ದು, ನಾಯಿ ಬೊಗಳಿದ್ದು, ಅಣ್ಣ ಮಾತಾಡಿದ್ದು, ಇಷ್ಟೂ ನಾನೇ ಕಟ್ಟಿದ್ದು. ಪಾರವ್ವಗೆ ಈಗಿನ್ನೂ ಏಳನೇ ತಿಂಗಳು. ಆದರೆ ಬಾಗಿಲು ತೆರೆದಿದ್ದು ಸುಳ್ಳಲ್ಲ. ಆ ಒಲೆಯ ಮೇಲೆ ಈಗ ಬರೀ ರೊಟ್ಟಿ ಬೇಯುತ್ತದೆ.