ಎರಡಿಲ್ಲದ ಮಠದ ಕಂಪ್ಯೂಟರ್

ಹೊಳೆಯ ದಂಡೆಗೆ ಒಂದು ಮಠ. ಮಠವೆಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಒಂದು ಅಡುಗೆಮನೆ, ಮುಂದೆ ಒಂದು ಹುಣಸೆಮರ. ಬೆಳಗಿನ ಮಂಜು ಮೆಟ್ಟಿಲು ಹತ್ತಿ ಪಡಸಾಲೆಯೊಳಗೇ ಬಂದು ಕೂತುಬಿಡುತ್ತಿತ್ತು. ಆ ಹೊತ್ತಿನಲ್ಲಿ ಅಲ್ಲಿದ್ದವರಿಗೆ ತಾವು ಎದ್ದಿದ್ದೇವೋ, ಇನ್ನೂ ನಿದ್ದೆಯಲ್ಲಿದ್ದೇವೋ ಎಂಬುದು ಬೇಗ ತಿಳಿಯುತ್ತಿರಲಿಲ್ಲ.

ಆ ಮಠಕ್ಕೆ ಒಂದು ನೇಮವಿತ್ತು. ಅಲ್ಲಿ ಯಾವುದೂ ಎರಡು ಇರುವಂತಿಲ್ಲ. ಒಂದು ಕೊಡ, ಒಂದು ದೀಪ, ಒಬ್ಬರಿಗೆ ಒಂದೇ ಕಂಬಳಿ. ಯಾರಾದರೂ ಭಕ್ತರು ಎರಡನೆಯದನ್ನು ತಂದುಕೊಟ್ಟರೆ, ಹಳೆಯದೋ ಹೊಸದೋ, ಒಂದು ಅಂದೇ ದೋಣಿ ಹತ್ತಿ ಆಚೆ ದಂಡೆಗೆ ಹೋಗಬೇಕು.

ನೇಮ ಮಾಡಿದವರು ದೊಡ್ಡಜ್ಜ. ಅವರು ಲಿಂಗೈಕ್ಯರಾಗಿ ಎಷ್ಟೋ ಕಾಲವಾಗಿತ್ತು. ಅವರ ಶಿಷ್ಯ ಮೌನಪ್ಪಜ್ಜ ಈಗ ಗುರು. ಮೌನಪ್ಪಜ್ಜನ ಶಿಷ್ಯ ಅಡಿವೆಪ್ಪ.

ಮೌನಪ್ಪಜ್ಜನಿಗೆ ಕಣ್ಣು ಹೋಗಿದ್ದವು. ಓದಿನ ಹಸಿವು ಹೋಗಿರಲಿಲ್ಲ.

ಮೊದಲು ಅವರಿಗೆ ಓದಿ ಹೇಳುತ್ತಿದ್ದವಳು ಶರಣವ್ವ. ಮಠದ ಹಿರಿಯ ಶಿಷ್ಯೆ, ಅಡಿವೆಪ್ಪನಿಗೆ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು. ಕಾಯಿಲೆ ಬಿದ್ದಾಗ ಅವಳಿಗೆ ತನ್ನ ಜೀವದ ಚಿಂತೆಗಿಂತ ಅಜ್ಜನಿಗೆ ಇನ್ನು ಓದುವವರಾರು ಎಂಬ ಚಿಂತೆಯೇ ಹೆಚ್ಚಾಯಿತು. ಅಡಿವೆಪ್ಪ ಓದಲು ಕೂತರೆ ನಾಲಿಗೆ ಕಟ್ಟುತ್ತಿತ್ತು. ಮಾತಿನಲ್ಲಿ ಅಷ್ಟಿಲ್ಲ, ಅಕ್ಷರ ಕಂಡರೆ ಸಾಕು, ಉಗ್ಗು. ಆದರೆ ಮಠಕ್ಕೆ ಬರುವ ಮುಂಚೆ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ದುಡಿದವನು. ಕೈ ಚುರುಕು.

ಹುಣಸೆಮರದ ಕೆಳಗೆ ಕೂತು ಶರಣವ್ವ ಸ್ವರ, ಒತ್ತಕ್ಷರ ಸೇರಿಸಿ ಇಡೀ ಕಾಗುಣಿತವನ್ನು ಹೇಳಿದಳು. ಕ, ಕಾ, ಕಿ, ಕೀ. ಅಡಿವೆಪ್ಪ ಮೈಕು ಹಿಡಿದು ಒಂದೊಂದನ್ನೂ ಮಠದ ಕಂಪ್ಯೂಟರಿಗೆ ತುಂಬಿಸಿದ. ಬರಹವನ್ನು ಆ ಅಕ್ಷರಗಳಿಂದ ಪೋಣಿಸಿ ಓದುವ ಒಂದು ಪ್ರೋಗ್ರಾಂ ಮಾಡಿದ.

ಅವಳು 'ಘ' ಅನ್ನುವುದಕ್ಕೂ ಹೊಳೆಯ ಮೇಲೆ ಟಿಟ್ಟಿಭ ಹಕ್ಕಿ ಕೂಗುವುದಕ್ಕೂ ಸರಿಹೋಯಿತು.

"ಅಕ್ಕಾ, ಇನ್ನೊಮ್ಮೆ ಅನ್ನು. ಹಕ್ಕಿ ಬಿತ್ತು ಇದರಾಗ."

"ಇರ್ಲಿ ಬಿಡೋ. ಅದಕ್ಕೂ ಓದಾಕ ಬರ್ಲಿ," ಅಂದಳು ಶರಣವ್ವ.

ಅಂದಿನಿಂದ ಮೇಘ ಎಂದು ಬಂದಲ್ಲೆಲ್ಲ ಕಂಪ್ಯೂಟರಿನೊಳಗೆ ಒಂದು ಹಕ್ಕಿ ಕೂಗುತ್ತಿತ್ತು. ಕೇಳಿ ಕೇಳಿ ಅಜ್ಜ ನಗುತ್ತಿದ್ದರು.

ಶರಣವ್ವ ಹೋದಳು. ದನಿ ಮಠದಲ್ಲೇ ಉಳಿಯಿತು.

ಹೀಗಿರುವಾಗ ದೂರದೂರಿನ ಭಕ್ತರೊಬ್ಬರಿಂದ ಒಂದು ಪೆನ್‌ಡ್ರೈವ್ ಬಂತು. ದೊಡ್ಡಜ್ಜ ತಾವಾಗಿ ಒಂದಕ್ಷರ ಬರೆದವರಲ್ಲ. ಅವರ ಮಾತು ಕೇಳಿದ್ದವರನ್ನೆಲ್ಲ ಆ ಭಕ್ತರು ಊರೂರು ಅಲೆದು ಹುಡುಕಿ, ನೆನಪಿನಲ್ಲಿದ್ದದ್ದನ್ನೆಲ್ಲ ಕೂಡಿಸಿ ಪುಸ್ತಕ ಮಾಡಿ ಅದರಲ್ಲಿ ಹಾಕಿದ್ದರು. ಜೊತೆಗೆ ಒಂದು ಸಿ.ಡಿ. ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದು ತೆರೆಯಲಿಕ್ಕಿಲ್ಲ, ಹೊಸದನ್ನೂ ಕಳಿಸಿದ್ದೇನೆ, ಅದು ತಾನೇ ಕನ್ನಡ ಓದುತ್ತದೆ ಎಂದು ಹೇಳಿಕಳಿಸಿದ್ದರು.

ಮೌನಪ್ಪಜ್ಜ ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು.

"ಅವರ ಮಾತು ಕಿವಿಗೆ ಬಿದ್ದು ಎಷ್ಟು ವರ್ಷಾತು," ಅಂದರು. "ಹಾಕು, ತಮ್ಮಾ."

ಅಡಿವೆಪ್ಪ ಹಾಕಿದ. ಪರದೆಯ ತುಂಬ ಬರೀ ಚೌಕಗಳು. ಒಂದಕ್ಷರವೂ ಮೂಡಲಿಲ್ಲ.

"ತೆರೀವಲ್ದ್ರಿ, ಅಜ್ಜಾರ."

ಇದು ನಿಜವೇ. ಸಿ.ಡಿ. ಹಾಕಿದರೆ ತೆರೆಯುತ್ತದೆ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಶರಣವ್ವನ ಪ್ರೋಗ್ರಾಂ ನಡೆಯುತ್ತಿದ್ದುದು ಹಳೆಯ ಸಿಸ್ಟಮ್‌ನಲ್ಲಿ ಮಾತ್ರ. ಹೊಸದು ಬಂದರೆ ಅದು ಹೋಯಿತು. ಅಕ್ಕ ಎರಡನೆಯ ಸಲ ಸತ್ತಂತೆ, ಅದೂ ತನ್ನ ಕೈಯಿಂದ.

ಅಜ್ಜ ಮರುದಿನ ಸ್ನಾನ ಮುಗಿಸಿ ಬಂದು ಕೇಳಿದರು. "ತೆರೀತೇನು?"

"ಕರೆಂಟ್ ಇಲ್ರಿ."

ಅದರ ಮರುದಿನವೂ ಕೇಳಿದರು.

"ಯಂತ್ರ ಭಾಳ ಬಿಸಿ ಆಗೇತ್ರಿ."

ಆಮೇಲೊಂದು ದಿನ ಅಡಿವೆಪ್ಪನಿಗೆ ಬೇರೇನೂ ಹೊಳೆಯಲಿಲ್ಲ. "ಇವತ್ತ ಅಮಾಸಿ ಅಲ್ರಿ?" ಅಂದ.

"ಹೌದೇನು? ಕಂಪ್ಯೂಟರಿಗೂ ಅಮಾಸಿ ಹತ್ತಿತು ಹಂಗಾರ," ಎಂದು ಅಜ್ಜ ಸುಮ್ಮನಾದರು.

ಸುಮ್ಮನಾದದ್ದೇ ಅಡಿವೆಪ್ಪನಿಗೆ ಹೆಚ್ಚು ಚುಚ್ಚಿತು. ಈ ಮುದುಕರಿಗೆ ಇರುವುದು ಒಂದೇ ಆಸೆ, ಅದಕ್ಕೆ ಅಡ್ಡ ಕೂತವನು ನಾನು ಎಂದು ನಾಚಿಕೆಯಾಯಿತು. ಹೋಗಿ ಅಜ್ಜನ ಕಾಲ ಬಳಿ ಕೂತ.

"ಅಜ್ಜಾರ, ಸುಳ್ಳು ಹೇಳೀನ್ರಿ."

"ಗೊತ್ತೈತಿ. ಯಾವುದು?"

ಅಡಿವೆಪ್ಪ ತಲೆ ತಗ್ಗಿಸಿದ. "ಪುಸ್ತಕ ತೆರೀಬೇಕಂದ್ರ ಹೊಸಾ ಸಿಸ್ಟಮ್ ಹಾಕಬೇಕ್ರಿ. ಅದನ್ನ ಹಾಕಿದ್ರ ಅಕ್ಕನ ದನಿ ಹೋಗ್ತೈತ್ರಿ."

"ಹೂಂ."

"ಹಳೇದ ಇರ್ಲೋ, ಹೊಸಾದು ಹಾಕ್ಲೋ? ನೀವ ಹೇಳ್ರಿ."

"ಹಳೇದಕ್ಕ ಏನು ಬರ್ತೈತಿ?"

"ಕೇಳಿದ್ದನ್ನ ಮತ್ತ ಕೇಳಸಾಕ ಬರ್ತೈತ್ರಿ."

"ಹೊಸಾದಕ್ಕ?"

"ಕೇಳದ ಇದ್ದದ್ದನ್ನ ಕೇಳಸಾಕ ಬರ್ತೈತ್ರಿ."

"ಎರಡೂ ಚಲೋ ಅದಾವಲ್ಲೊ," ಅಂದರು ಅಜ್ಜ.

ಅಡಿವೆಪ್ಪನ ಮುಖ ಅರಳಿತು. ಅವನ ತಲೆಯಲ್ಲಿ ಒಂದು ಉಪಾಯ ಹಲವು ದಿನಗಳಿಂದ ಕಾವಿಗೆ ಕೂತಿತ್ತು.

"ಒಂದ ಪೆಟ್ಟಿಗ್ಯಾಗ ಎರಡೂ ಸಿಸ್ಟಮ್ ಹಾಕಾಕ ಬರ್ತೈತ್ರಿ, ಅಜ್ಜಾರ. ಚಾಲೂ ಮಾಡುವಾಗ ಯಾವುದು ಬೇಕು ಅಂತ ಅದ ಕೇಳ್ತೈತಿ. ಪೆಟ್ಟಿಗಿ ಒಂದ ಅಲ್ರಿ? ನೇಮ ಮುರಿದಂಗ ಆಗೂದಿಲ್ಲ."

ಅಜ್ಜ ಗಟ್ಟಿಯಾಗಿ ನಕ್ಕರು. ಹುಣಸೆಮರದಲ್ಲಿದ್ದ ಗಿಳಿಗಳು ಗಾಬರಿಯಾಗಿ ಎದ್ದುಹೋದವು.

"ದೊಡ್ಡಜ್ಜ ಆ ನೇಮ ಪೆಟ್ಟಿಗಿಗೆ ಮಾಡಿದ್ದಲ್ಲಪಾ. ಕೈಗೆ ಮಾಡಿದ್ದು."

ಅಡಿವೆಪ್ಪ ತನ್ನ ಎರಡೂ ಕೈ ನೋಡಿಕೊಂಡ. ಒಂದು ಅಜ್ಜನ ಪಾದದ ಮೇಲಿತ್ತು. ಇನ್ನೊಂದು ತನಗೇ ಅರಿವಿಲ್ಲದೆ ಮೇಜಿನ ಕಾಲು ಹಿಡಿದುಕೊಂಡಿತ್ತು, ಕಂಪ್ಯೂಟರ್ ಇಟ್ಟ ಮೇಜಿನ ಕಾಲು. ಅವನು ಅದನ್ನು ಮೆಲ್ಲಗೆ ಬಿಟ್ಟ.

"ನಿಮ್ಮ ಸಲುವಾಗಿ ಅಂದೆ, ಅಜ್ಜಾರ. ನಿಮಗ ಆ ದನಿ ರೂಢಿ ಆಗೇತಿ."

"ನನ್ನ ಸಲುವಾಗಿ."

"ಹೌದ್ರಿ."

ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬಂತು. ಪಡಸಾಲೆಯ ಅಂಚಿನಲ್ಲಿ ಮಂಜು ನೂಲು ನೂಲಾಗಿ ಬಿಚ್ಚಿಕೊಳ್ಳುತ್ತಿತ್ತು.

"ಅಕಿ ನಿನ್ನ ಏನಂತ ಕರೀತಿದ್ಲು?" ಅಜ್ಜ ಕೇಳಿದರು.

"ಅಡಿವ್ಯಾ ಅಂತಿದ್ಲ್ರಿ."

"ಎಲ್ಲೆ ನಿಂತು?"

"ಕೆಳಗ, ಮೆಟ್ಟಲ ಮ್ಯಾಲೆ ನಿಂತು. ನಾ ಆಚೀ ದಂಡಿಗೆ ದನಾ ಬಿಟ್ಟಿರತಿದ್ದೆ. ಸಂಜಿ ಆತಂದ್ರ ಕೂಗತಿದ್ಲ್ರಿ."

"ಅದನ್ನ ಬರಿ. ಕೇಳೂಣು."

ಅಡಿವೆಪ್ಪ ಯಂತ್ರದ ಮುಂದೆ ಕೂತ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನು ಆ ಹೆಸರನ್ನು ಬರೆದು ಕೇಳಿರಲಿಲ್ಲ. ಯಾಕೆ ಕೇಳಲಿಲ್ಲವೋ ಅವನಿಗೇ ಗೊತ್ತಿಲ್ಲ. ಬರೆದು, ಗುಂಡಿ ಒತ್ತಿದ.

ಅ. ಡಿ. ವ್ಯಾ.

ಶರಣವ್ವನ ದನಿಯೇ. ಸ್ವಲ್ಪ ಒಡಕು, ಸ್ವಲ್ಪ ಜೇನು. ಮೂರು ಅಕ್ಷರ ಒಂದರ ಪಕ್ಕ ಒಂದು ಬಂದು ನಿಂತವು, ಅಷ್ಟೇ.

"ಅಕಿನ ಹೌದಲ್ಲೊ?" ಅಜ್ಜ ಕೇಳಿದರು.

"ಹೌದ್ರಿ. ಅಕ್ಕನ ದನಿ."

"ಮತ್ತ ನೀ ಯಾಕ ಓ ಅನ್ನಲಿಲ್ಲ?"

ಅಡಿವೆಪ್ಪ ಹೊಳೆಯ ಕಡೆ ತಿರುಗಿದ.

ಅವಳು ಕೂಗಿದರೆ ಅಡಿ ಎಂಬುದು ಮೆಟ್ಟಿಲ ಮೇಲೇ ಉಳಿದು, ವ್ಯಾ ಎಂಬುದು ನೀರಿನ ಮೇಲೆ ಉದ್ದಕ್ಕೆ ಬರುತ್ತಿತ್ತು. ಮಂಜಿದ್ದರೆ ಮಂಜಿನೊಳಗಿಂದ, ಮಳೆಯಿದ್ದರೆ ಮಳೆಯೊಳಗಿಂದ. ಅವನು ಯೋಚಿಸುವುದಕ್ಕೆ ಮುಂಚೆಯೇ ಅವನ ಬಾಯಿಂದ ಓ ಬಂದಿರುತ್ತಿತ್ತು. ದನಗಳೂ ತಲೆ ಎತ್ತುತ್ತಿದ್ದವು. ಹಸಿವಾಗಿದೆ, ಕತ್ತಲಾಗುತ್ತಿದೆ, ಮನೆ ಇದೆ, ಬಾ ಎಂಬುದೆಲ್ಲ ಆ ಕೂಗಿನಲ್ಲಿ ಇತ್ತು.

ಈಗ ಕೇಳಿದ್ದರಲ್ಲಿ ಅದೊಂದೂ ಇರಲಿಲ್ಲ. ಅವಳು ಅಂದು ಮರದ ಕೆಳಗೆ ಕೂತು ಅವನನ್ನು ಕರೆಯಲಿಲ್ಲ. ಕಾಗುಣಿತ ಹೇಳಿದಳು.

ಅಡಿವೆಪ್ಪ ಮೇಜಿನ ಮೇಲೆ ಹಣೆಯಿಟ್ಟು ಅತ್ತ. ಅವಳನ್ನು ಮಣ್ಣು ಮಾಡಿದ ದಿನ ಕೂಡ ಅಷ್ಟು ಅತ್ತಿರಲಿಲ್ಲ. ಅಂದು ಮಠದೊಳಗೆ ದನಿ ಇದೆಯಲ್ಲ ಎಂದು ಧೈರ್ಯ ತಂದುಕೊಂಡಿದ್ದ.

ಅಜ್ಜ ಅಳಬೇಡ ಎನ್ನಲಿಲ್ಲ. ಅವನ ಉಸಿರು ತಹಬಂದಿಗೆ ಬರುವವರೆಗೂ ಅಲ್ಲೇ ಕೂತಿದ್ದರು.

"ಅಕ್ಕನ ದನಿ ಅಳಿಸಿಬಿಡ್ಲೇನ್ರಿ, ಅಜ್ಜಾರ?"

"ನಾ ಮೆಟ್ಟಲ ಮ್ಯಾಲೆ ಕುಂದರತೀನಿ," ಎಂದು ಅಜ್ಜ ಕೋಲು ತಡಕಿ ಎದ್ದರು. "ನೀ ಅಕಿ ಕೂಡ ಇರು. ಅವಸರ ಇಲ್ಲ."

ಕೋಲಿನ ಸಪ್ಪಳ ಒಂದೊಂದೇ ಮೆಟ್ಟಿಲು ಇಳಿದುಹೋಯಿತು.

ಆ ಮಧ್ಯಾಹ್ನ ಅಡಿವೆಪ್ಪ ಏನೇನೋ ಬರೆದು ಕೇಳಿದ. ಹೊಳೆ ಎಂದು ಬರೆದ. ದೋಣಿ ಎಂದು ಬರೆದ. ಮೇಘ ಎಂದು ಬರೆದ, ಹಕ್ಕಿ ಕೂಗಿತು. ಹೊರಗೆ ನಿಜವಾಗಿಯೂ ಮೋಡ ಕವಿದಿತ್ತು. ಯಾವುದು ಒಳಗಿನ ಹಕ್ಕಿ, ಯಾವುದು ಹೊರಗಿನದು ಎಂದು ಅವನಿಗೆ ಗೊತ್ತಾಗದೆ ಹೋಯಿತು. ಅಕ್ಷರದ ದನಿಗಳನ್ನಾದರೂ ಪೆನ್‌ಡ್ರೈವಿಗೆ ಇಳಿಸಿಟ್ಟುಕೊಳ್ಳಲೇ ಎಂಬ ಆಸೆ ಒಮ್ಮೆ ಸುಳಿಯಿತು. ಕೈ ಮುಂದಾಯಿತು, ಹಿಂದೆ ಬಂತು.

ಕೊನೆಗೆ ಒಂದು ನೆನಪಾಯಿತು. ಝ ಕಾಗುಣಿತ ಹೇಳುವಾಗ 'ಝೌ' ಎಂಬಲ್ಲಿ ಅವಳಿಗೆ ನಗು ತಡೆಯಲಾಗಿರಲಿಲ್ಲ. ಇದನ್ನ ಯಾರು ಎಲ್ಲಿ ಬರೀತಾರೋ ಎಂದು ಬಿದ್ದು ಬಿದ್ದು ನಕ್ಕಿದ್ದಳು. ಅಡಿವೆಪ್ಪ ಆ ನಗುವನ್ನೂ ಹಾಗೆಯೇ ತುಂಬಿಸಿದ್ದ. ಅವಳಂದದ್ದೇ ಸರಿ. ಯಾವ ಪುಸ್ತಕದಲ್ಲೂ ಆ ಅಕ್ಷರ ಬರಲಿಲ್ಲ. ಆ ನಗು ಇಷ್ಟು ವರ್ಷ ಒಳಗೇ ಕೂತಿತ್ತು.

ಅಡಿವೆಪ್ಪ ಝೌ ಎಂದು ಬರೆದ.

ಶರಣವ್ವ ನಕ್ಕಳು.

"ಓ, ಅಕ್ಕಾ," ಅಂದ ಅಡಿವೆಪ್ಪ.

ಆಮೇಲೆ ಸಿ.ಡಿ. ಹಾಕಿದ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ಅವನು ಹೌದು ಎಂದು ಒತ್ತಿ, ಎದ್ದು ಹೋಗಿ ಅಜ್ಜನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. ಆಚೆ ದಂಡೆ ಮಂಜಿನಲ್ಲಿ ಕರಗುತ್ತಾ ಹೋಯಿತು.

ಬೆಳಗಾಯಿತು. ಮೌನಪ್ಪಜ್ಜ ಸ್ನಾನ ಮಾಡಿ, ವಿಭೂತಿ ಧರಿಸಿ, ಮಡಿ ಧೋತರ ಉಟ್ಟು ಬಂದರು. ಗುರುವಿನ ಎದುರು ಕೂರುವಂತೆ ಬೆನ್ನು ನೆಟ್ಟಗೆ ಮಾಡಿ ಕೂತರು.

ಪುಸ್ತಕ ತೆರೆಯಿತು. ಹೊಸ ದನಿ ಓದತೊಡಗಿತು. ನುಣುಪಾದ ದನಿ, ಎಲ್ಲೂ ಎಡವಲಿಲ್ಲ. ದೊಡ್ಡಜ್ಜನ ಮಾತು ಒಂದಾದ ಮೇಲೊಂದು ಪಡಸಾಲೆಗೆ ಬಂದವು. ಅಜ್ಜ ಮುಖವೆತ್ತಿ, ಕಿವಿಯೊಡ್ಡಿ ಕೇಳಿದರು. ಯಾರೋ ಬಾಗಿಲಿಗೆ ಬರುವುದನ್ನು ಕಾಯುವವರ ಹಾಗಿತ್ತು ಮುಖ.

ಒಂದು ಪುಟ ಮುಗಿಯುವುದರೊಳಗೆ ಅವರು ಕೈ ಎತ್ತಿದರು. ಅಡಿವೆಪ್ಪ ನಿಲ್ಲಿಸಿದ.

"ದನಿ ಚಲೋ ಇಲ್ಲೇನ್ರಿ?"

"ಚಲೋ ಐತಿ."

"ತಪ್ಪು ಓದಿತೇನ್ರಿ?"

"ಒಂದಕ್ಷರಾನೂ ತಪ್ಪಿಲ್ಲ."

ಕಾಣದ ಕಣ್ಣುಗಳಿಂದ ನೀರು ಇಳಿದು ಅಜ್ಜನ ಬಿಳಿ ಗಡ್ಡದೊಳಗೆ ಹೋಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಅಡಿವೆಪ್ಪ ಹತ್ತಿರ ಸರಿದು ಅವರ ಕೈ ಹಿಡಿದುಕೊಂಡ.

"ಮತ್ತ ಏನಾತ್ರಿ, ಅಜ್ಜಾರ?"

"ಮಾತೆಲ್ಲಾ ಬಂದಾವು, ತಮ್ಮಾ. ನಮ್ಮ ಗುರುಗಳೊಬ್ರ ಬರಲಿಲ್ಲ. ಮುಂದ ಓದಸು."